‘ಯೂಸರ್ ಎರರ್’ ಅಂತ ಸಹಿ ಹಾಕಿ ಅಂದರು

ನಾನು ಬಯೋಮೆಡಿಕಲ್ ಎಂಜಿನಿಯರ್. ದಾವಣಗೆರೆ ಕಡೆಯ ಒಂದು ಆಸ್ಪತ್ರೆಯಲ್ಲಿ ಕೆಲಸ. ವೆಂಟಿಲೇಟರ್, ಮಾನಿಟರ್, ಡಿಫಿಬ್ರಿಲೇಟರ್, ಪಂಪು, ಎಲ್ಲವನ್ನೂ ನೋಡಿಕೊಳ್ಳುವುದು ನಮ್ಮ ಡಿಪಾರ್ಟ್‌ಮೆಂಟು. ಡಿಪಾರ್ಟ್‌ಮೆಂಟು ಅಂದರೆ ಬೇಸ್‌ಮೆಂಟಿನಲ್ಲಿ ಒಂದು ರೂಮು, ನಾನು, ಜೊತೆಗೆ ಇಬ್ಬರು ಟೆಕ್ನಿಷಿಯನ್ ಹುಡುಗರು. ಕೆಟ್ಟಿದ್ದನ್ನು ರಿಪೇರಿ ಮಾಡುತ್ತೇವೆ, ಆಗದಿದ್ದರೆ ಕಂಪನಿಗೆ ಫೋನ್ ಹಾಕುತ್ತೇವೆ. ಮೆಷಿನ್ ಕೆಡುವುದು ನಮಗೆ ಹೊಸದಲ್ಲ. ಮೆಷಿನ್‌ನಿಂದ ರೋಗಿಗೆ ಪೆಟ್ಟು ಬಿದ್ದಾಗ ಏನೇನು ನಡೆಯುತ್ತದೆ ಅನ್ನುವುದನ್ನು ಮಾತ್ರ ಒಂದು ಸಿರಿಂಜ್ ಪಂಪು ಪೂರ್ತಿಯಾಗಿ ಕಲಿಸಿತು.

ನಡೆದದ್ದು ಇಷ್ಟು. ಐಸಿಯುನಲ್ಲಿ ಒಬ್ಬ ರೈತರು ಇದ್ದರು. ಶುಗರ್ ವಿಪರೀತ ಏರಿ, ರಕ್ತದಲ್ಲಿ ಕೀಟೋನ್ ತುಂಬಿ, ಪ್ರಜ್ಞೆ ಅರೆಬರೆ ಆಗಿ ಬಂದವರು. ಅಂಥವರಿಗೆ ಇನ್ಸುಲಿನ್ನನ್ನು ಸಿರಿಂಜ್ ಪಂಪಿನಲ್ಲಿ ಹನಿಹನಿಯಾಗಿ ಕೊಡುತ್ತಾರೆ. 50 ಎಂಎಲ್ ಸಿರಿಂಜಿನಲ್ಲಿ 50 ಯೂನಿಟ್, ಅಂದರೆ ಒಂದು ಎಂಎಲ್‌ಗೆ ಒಂದು ಯೂನಿಟ್. ಗಂಟೆಗೊಮ್ಮೆ ಬೆರಳು ಚುಚ್ಚಿ ಶುಗರ್ ನೋಡುತ್ತಾರೆ, ಅದಕ್ಕೆ ತಕ್ಕ ಹಾಗೆ ರೇಟು ಬದಲಿಸುತ್ತಾರೆ. ಬೆಳಗಿನ ಜಾವದ ಹೊತ್ತಿಗೆ ಶುಗರ್ ಇಳಿದಿತ್ತು. ಗಂಟೆಗೆ 4 ಇದ್ದದ್ದನ್ನು 2ಕ್ಕೆ ಇಳಿಸಿ ಅಂತ ಡ್ಯೂಟಿ ಡಾಕ್ಟರು ಹೇಳಿದರು. ಸಿಸ್ಟರ್ 2 ಒತ್ತಿದರು, ಸ್ಟಾರ್ಟ್ ಒತ್ತಿದರು. ಅಷ್ಟರಲ್ಲಿ ಪಕ್ಕದ ಬೆಡ್ಡಿನ ವೆಂಟಿಲೇಟರ್ ಅಲಾರಂ ಹೊಡೆದುಕೊಂಡಿತು. ಆ ಕಡೆ ಓಡಿದರು. ಪಂಪು 22 ಅಂತ ತಗೊಂಡಿತ್ತು.

ಗಂಟೆಗೆ 22 ಯೂನಿಟ್ ಇನ್ಸುಲಿನ್! ಸಿಸ್ಟರ್ ವಾಪಸ್ ಬಂದು ನೋಡುವಾಗ ರೋಗಿ ಬೆವರಿನಲ್ಲಿ ತೊಯ್ದು ಹೋಗಿದ್ದರು, ಕೈ ನಡುಗುತ್ತಿತ್ತು. ಶುಗರ್ 46. ಪಂಪು ನಿಲ್ಲಿಸಿ 25 ಪರ್ಸೆಂಟ್ ಡೆಕ್ಸ್‌ಟ್ರೋಸ್ ಹಾಕಿದರು. ಬೆಳಗಾಗುವಷ್ಟರಲ್ಲಿ ಎದ್ದು ಕಾಫಿ ಕೇಳಿದರಂತೆ, ಅದೂ ಸಕ್ಕರೆ ಹಾಕಿದ್ದು. ಆ ಜೀವ ಉಳಿದದ್ದು ಸಿಸ್ಟರ್ ಬೇಗ ವಾಪಸ್ ಬಂದದ್ದರಿಂದ. ಪಂಪಿನಿಂದ ಒಂದು ಸಣ್ಣ ಸದ್ದೂ ಬಂದಿರಲಿಲ್ಲ. ಯಾಕೆಂದರೆ ಅದರ ಲೆಕ್ಕದಲ್ಲಿ ಎಲ್ಲವೂ ಸರಿಯಾಗಿಯೇ ನಡೆಯುತ್ತಿತ್ತು.

ನನಗೆ ಫೋನ್ ಬಂದಾಗ ಮೊದಲು ಹೇಳಿದ್ದು ಒಂದೇ: ಪಂಪು ಮುಟ್ಟಬೇಡಿ, ಸಿರಿಂಜು ಬಿಸಾಕಬೇಡಿ, ಬೇರೆ ರೋಗಿಗೆ ಹಾಕಬೇಡಿ. ಇದು ತುಂಬಾ ಮುಖ್ಯ. ನಮ್ಮ ಆಸ್ಪತ್ರೆಗಳಲ್ಲಿ ಕಷ್ಟವೂ ಇಲ್ಲೇ. ಐಸಿಯುನಲ್ಲಿ ಪಂಪು ಯಾವಾಗಲೂ ಕಡಿಮೆ, ಒಂದು ಬೆಡ್ಡಿನದು ಖಾಲಿಯಾದ ಕೂಡಲೇ ಒರೆಸಿ ಇನ್ನೊಂದಕ್ಕೆ ಹಾಕುತ್ತಾರೆ. ಪಂಪಿನ ಒಳಗೆ ಒಂದು ಲಾಗ್ ಇರುತ್ತದೆ. ಯಾವ ಬಟನ್ ಯಾವಾಗ ಒತ್ತಿದರು, ಯಾವ ಅಲಾರಂ ಬಂತು ಅಂತ ಅದು ಬರೆದುಕೊಳ್ಳುತ್ತದೆ. ನಮ್ಮ ಪಂಪಿನಲ್ಲಿ ಜಾಗ ತುಂಬಿದ ಮೇಲೆ ಹಳೆಯದು ಅಳಿಸಿ ಹೊಸದು ಬರೆಯುತ್ತದೆ. ಹಾಗೇ ಬಳಸುತ್ತಾ ಹೋದರೆ ಸಾಕ್ಷಿ ತಾನಾಗಿಯೇ ಅಳಿಸಿ ಹೋಗುತ್ತದೆ. ಅದಕ್ಕೇ ಕೆಂಪು ಟ್ಯಾಗ್ ಕಟ್ಟಿ, ಸಿರಿಂಜನ್ನು ಕವರಿನಲ್ಲಿ ಹಾಕಿ, ಸೀರಿಯಲ್ ನಂಬರಿನ ಫೋಟೋ ತೆಗೆದು, ಪಂಪನ್ನು ನಮ್ಮ ರೂಮಿನ ಬೀರುವಿನಲ್ಲಿಟ್ಟು ಬೀಗ ಹಾಕಿದೆ.

ಸಿಸ್ಟರ್ ಮಾತ್ರ ಅಳುತ್ತಾ ಕೂತಿದ್ದರು. ಕೆಲಸಕ್ಕೆ ಸೇರಿ ಹೆಚ್ಚು ಕಾಲ ಆಗಿರಲಿಲ್ಲ. “ನಾನು ಒಂದೇ ಸಲ ಒತ್ತಿದ್ದು ಸಾರ್, ಸ್ಕ್ರೀನ್ ಸರಿಯಾಗಿ ನೋಡಲಿಲ್ಲ, ಅದು ನಿಜ. ಆದರೆ ಒತ್ತಿದ್ದು ಒಂದೇ ಸಲ” ಅಂತ ಅದನ್ನೇ ಹೇಳುತ್ತಿದ್ದರು. ನರ್ಸಿಂಗ್ ಸೂಪರಿಂಟೆಂಡೆಂಟ್ ಮೇಡಂ ಹಳೆಯ ಕಾಲದವರು, ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. “ಮೊದಲು ನಡೆದದ್ದನ್ನು ನಡೆದ ಹಾಗೆ ಬರಿಯಮ್ಮ, ತಪ್ಪು ಯಾರದ್ದು ಅಂತ ಆಮೇಲೆ ನೋಡೋಣ” ಅಂದರು.

ಮನೆಯವರಿಗೆ ಹೇಳುವ ಕೆಲಸ ಐಸಿಯು ಡಾಕ್ಟರದ್ದು. ಮ್ಯಾನೇಜ್‌ಮೆಂಟಿನ ಒಬ್ಬರು “ರೋಗಿ ಚೆನ್ನಾಗೇ ಇದ್ದಾರಲ್ಲ, ಯಾಕೆ ಸುಮ್ನೆ ಎಬ್ಬಿಸೋದು” ಅಂತ ಗೊಣಗಿದ್ದು ನಿಜ. ಡಾಕ್ಟರ್ ಕೇಳಲಿಲ್ಲ. ರೋಗಿಯ ಮಗನನ್ನು ಕೂರಿಸಿಕೊಂಡು, ಇನ್ಸುಲಿನ್ ಜಾಸ್ತಿ ಹೋಗಿತ್ತು, ಯಾಕೆ ಅಂತ ಹುಡುಕುತ್ತಿದ್ದೇವೆ, ಗೊತ್ತಾದದ್ದನ್ನು ಹೇಳುತ್ತೇವೆ ಅಂತ ನೇರವಾಗಿ ಹೇಳಿದರು. ಆ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ಮೆಷಿನ್ದು ತಪ್ಪಾ, ನಿಮ್ದು ತಪ್ಪಾ ಸಾರ್?” ಅಂತ ಕೇಳಿದ. ಆವತ್ತು ಯಾರ ಹತ್ತಿರವೂ ಉತ್ತರ ಇರಲಿಲ್ಲ.

ಕಂಪನಿಗೆ ಫೋನ್ ಮಾಡಿದೆ. ಟೋಲ್ ಫ್ರೀಯಲ್ಲಿ ಕಂಪ್ಲೇಂಟ್ ನಂಬರ್ ಕೊಟ್ಟರು, ಆಮೇಲೆ ಸರ್ವಿಸ್ ಕೋಆರ್ಡಿನೇಟರ್ ವಾಪಸ್ ಫೋನ್ ಮಾಡಿದರು. ಅವರ ಮೊದಲ ಪ್ರಶ್ನೆ ನನಗೆ ಇವತ್ತಿಗೂ ನೆನಪಿದೆ: “ಆಪರೇಟ್ ಮಾಡಿದ್ದು ಯಾರು ಸಾರ್? ಟ್ರೈನಿಂಗ್ ಆಗಿತ್ತಾ ಅವರಿಗೆ?” ರೋಗಿ ಹೇಗಿದ್ದಾರೆ ಅಂತ ಕೇಳಲೇ ಇಲ್ಲ.

ಕಂಪನಿಗಳ ಬ್ರೋಶರ್‌ಗಳಲ್ಲಿ ‘ಪೇಷಂಟ್ ಸೇಫ್ಟಿ’ ಅನ್ನುವ ಮಾತು ಪುಟಕ್ಕೊಂದು ಸಲ ಇರುತ್ತದೆ. ನಾನೀಗ ಅದನ್ನು ಓದುವುದನ್ನೇ ಬಿಟ್ಟಿದ್ದೇನೆ. ತೊಂದರೆ ಆಯಿತು ಅಂತ ಫೋನ್ ಮಾಡಿದಾಗ ಮೊದಲು ಏನು ಕೇಳುತ್ತಾರೆ ಅಂತ ಗಮನಿಸುತ್ತೇನೆ.

ಸರ್ವಿಸ್ ಎಂಜಿನಿಯರ್ ಬಂದ. ಒಳ್ಳೆಯ ಹುಡುಗ. ನಾಲ್ಕೈದು ಜಿಲ್ಲೆಗೆ ಅವನೊಬ್ಬನೇ. ಬೆಳಿಗ್ಗೆ ಎಲ್ಲೋ ಇದ್ದು ಸಂಜೆ ಇನ್ನೆಲ್ಲೋ ಬಸ್ಸಿನಲ್ಲಿ ತೂಕಡಿಸುವ ಬದುಕು. ಅವನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅವನಿಗೆ ಮೇಲಿನವರು ಹೇಳಿ ಕಳಿಸಿದ್ದು ಎರಡು ಕೆಲಸ: ಪಂಪನ್ನು ವಾಪಸ್ ತರಬೇಕು, ಸರ್ವಿಸ್ ರಿಪೋರ್ಟಿಗೆ ನಮ್ಮ ಸಹಿ ಹಾಕಿಸಬೇಕು. ರಿಪೋರ್ಟಿನಲ್ಲಿ ‘ಯಂತ್ರ ಸರಿಯಾಗಿ ಕೆಲಸ ಮಾಡುತ್ತಿದೆ, ಯೂಸರ್ ಎರರ್’ ಅಂತ ಅವನು ಪಂಪು ನೋಡುವುದಕ್ಕೂ ಮೊದಲೇ ಟೈಪ್ ಆಗಿತ್ತು.

ಎರಡನ್ನೂ ಕೊಡಲಿಲ್ಲ. “ಪಂಪು ಆಸ್ಪತ್ರೆಯದು. ನೋಡಬೇಕಾ, ಇಲ್ಲೇ ಕೂತು ನನ್ನ ಮುಂದೆ ನೋಡಪ್ಪ. ಲಾಗ್ ಡೌನ್‌ಲೋಡ್ ಮಾಡು, ಒಂದು ಕಾಪಿ ನನಗೆ ಕೊಡು” ಅಂದೆ. ಲಾಗ್ ಕೊಡಲು ಪರ್ಮಿಷನ್ ಇಲ್ಲ ಅಂದ. ಅದನ್ನು ತೆಗೆಯುವ ಸಾಫ್ಟ್‌ವೇರ್, ಕೇಬಲ್, ಪಾಸ್‌ವರ್ಡ್ ಮೂರೂ ಕಂಪನಿಯ ಹತ್ತಿರವೇ. ದುಡ್ಡು ಕೊಟ್ಟು ತಗೊಂಡ ಮೆಷಿನ್ನು, ನಮ್ಮ ರೋಗಿಗೆ ಏನು ಮಾಡಿತು ಅಂತ ನಮಗೇ ಹೇಳುವುದಿಲ್ಲ! ನಮ್ಮ ಎಂಎಸ್ (ಮೆಡಿಕಲ್ ಸೂಪರಿಂಟೆಂಡೆಂಟ್) ಅವರು ಕಂಪನಿಯ ಮೇಲಿನವರ ಜೊತೆ ಫೋನಿನಲ್ಲಿ ಜೋರಾಗಿ ಮಾತಾಡಿದ ಮೇಲೆ ಲಾಗ್ ಸಿಕ್ಕಿತು.

ಲಾಗಿನಲ್ಲಿ ‘2’ ಎರಡು ಸಲ ಇತ್ತು. ಎರಡೂ ಒಂದೇ ಸೆಕೆಂಡಿನಲ್ಲಿ. ಹುಡುಗ ಮುಖ ಅರಳಿಸಿ, “ನೋಡಿ ಸಾರ್, ಎರಡು ಸಲ ಒತ್ತಿದ್ದಾರೆ” ಅಂದ. ಲಾಗ್ ಸೆಕೆಂಡಿನ ಲೆಕ್ಕದಲ್ಲಿ ಮಾತ್ರ ಬರೆಯುತ್ತದೆ. ಒಂದು ಸೆಕೆಂಡಿನೊಳಗೆ ಮನುಷ್ಯರು ಎರಡು ಸಲ ಒತ್ತಬಹುದು, ಬಟನ್ನೂ ಒಂದು ಒತ್ತನ್ನು ಎರಡು ಅಂತ ಓದಬಹುದು. ಲಾಗಿನಿಂದ ಯಾವುದೂ ಸಾಬೀತಾಗುವುದಿಲ್ಲ.

ಬಟನ್ ಹೀಗೆ ಮಾಡುವುದಕ್ಕೆ ನಮ್ಮ ಕಡೆ ‘ಕೀ ಬೌನ್ಸ್’ ಅನ್ನುತ್ತೇವೆ. ಬಟನ್ನಿನ ಕೆಳಗಿನ ಎರಡು ಪದರ ತಾಗುವಾಗ ಒಂದೇ ಏಟಿಗೆ ಗಟ್ಟಿಯಾಗಿ ಕೂರುವುದಿಲ್ಲ, ಕ್ಷಣದಲ್ಲೇ ತಾಗಿ ಬಿಟ್ಟು ತಾಗುತ್ತದೆ. ಒಳ್ಳೆಯ ಸಾಫ್ಟ್‌ವೇರ್ ಆ ಸಣ್ಣ ನಡುಕವನ್ನು ಲೆಕ್ಕಕ್ಕೆ ತಗೊಳ್ಳದೆ ಬಿಡುತ್ತದೆ. ಇದು ಹೊಸ ರೋಗವಲ್ಲ. ಔಷಧಿ, ಉಪಕರಣಗಳ ಮೇಲೆ ಕಣ್ಣಿಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎಗೆ 2005ರಿಂದ 2009ರವರೆಗೆ ಇನ್‌ಫ್ಯೂಷನ್ ಪಂಪುಗಳ (ಸಿರಿಂಜ್ ಪಂಪೂ ಇದೇ ಜಾತಿ) ಬಗ್ಗೆ ಸುಮಾರು 56,000 ದೂರುಗಳು ಬಂದಿದ್ದವು, ಅದೇ ಅವಧಿಯಲ್ಲಿ 87 ರೀಕಾಲ್, ಅಂದರೆ ದೋಷಕ್ಕಾಗಿ ವಾಪಸಾತಿ, ಆಗಿದ್ದವು. 2010ರಲ್ಲಿ ಅವರು ಪಂಪುಗಳಿಗಾಗಿಯೇ ಒಂದು ಸುಧಾರಣಾ ಕಾರ್ಯಕ್ರಮ ಶುರು ಮಾಡಿದಾಗ ಎತ್ತಿ ಹೇಳಿದ ದೋಷಗಳಲ್ಲಿ ಈ ಕೀ ಬೌನ್ಸೂ ಒಂದು. ಬಹಳಷ್ಟು ತೊಂದರೆಗಳ ಮೂಲ ವಿನ್ಯಾಸದಲ್ಲೇ ಇದೆ ಅಂತಲೂ ಆಗ ಹೇಳಿದ್ದರು. ಅಂದರೆ ಪಂಪು ಮಾಡುವ ಯಾವ ಕಂಪನಿಯೂ ‘ನಮಗೆ ಗೊತ್ತಿರಲಿಲ್ಲ’ ಅನ್ನುವ ಹಾಗಿಲ್ಲ.

ಸರಿ, ಮಾಡಿ ತೋರಿಸೋಣ ಅಂತ ಕೂತೆವು. ಸಿರಿಂಜಿಗೆ ನೀರು ತುಂಬಿ, ಟ್ಯೂಬನ್ನು ಒಂದು ಅಳತೆಯ ಗ್ಲಾಸಿಗೆ ಬಿಟ್ಟು, ಮೊಬೈಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ವಿಡಿಯೋ ಹಾಕಿದೆವು. ಬಟನ್ನಿನ ನಡುವೆ ಒತ್ತಿದರೆ ಏನೂ ಆಗುತ್ತಿರಲಿಲ್ಲ. ನಾನೂ ಒತ್ತಿದೆ, ಟೆಕ್ನಿಷಿಯನ್ ಹುಡುಗರೂ ಒತ್ತಿದರು, ಪ್ರತಿ ಸಲ ಶುದ್ಧ 2. ಕಂಪನಿ ಹುಡುಗ ಬ್ಯಾಗ್ ಮುಚ್ಚಿಕೊಳ್ಳಲು ಶುರು ಮಾಡಿದ್ದ. ಆಗ ಸಿಸ್ಟರನ್ನೇ ಕರೆಸಿದೆ. ಅವರು ಗ್ಲೌಸ್ ಹಾಕಿಕೊಂಡು, ಪಂಪಿನ ಎಡಕ್ಕೆ ನಿಂತು, ಹೆಬ್ಬೆರಳಿನಿಂದ ಓರೆಯಾಗಿ ಒತ್ತಿದರು. ಬೆಡ್ಡಿನ ಪಕ್ಕ ಜಾಗ ಕಡಿಮೆ, ಸ್ಟ್ಯಾಂಡು ಗೋಡೆಗೆ ತಾಗಿಕೊಂಡಿರುತ್ತದೆ, ಹಾಗೇ ಒತ್ತಬೇಕಾಗುತ್ತದೆ. ಸ್ವಲ್ಪ ಹೊತ್ತಿಗೆ ಸ್ಕ್ರೀನಿನ ಮೇಲೆ 22 ಬಂತು. ರೂಮಿನಲ್ಲಿ ಯಾರೂ ಮಾತಾಡಲಿಲ್ಲ. ಮತ್ತೆ ಒತ್ತಿದರು, ಮತ್ತೆ ಬಂತು.

ಭೂತಗನ್ನಡಿ ಹಿಡಿದು ನೋಡಿದರೆ 2ರ ಬಟನ್ನಿನ ಎಡ ಅಂಚಿನಲ್ಲಿ ಪ್ಲಾಸ್ಟಿಕ್ ಹಾಳೆ ಸಣ್ಣಗೆ ಉಬ್ಬಿತ್ತು. ಉಗುರಿನ ತುದಿಯಷ್ಟು. ಒಳಗೆ ಬೆಳ್ಳಗೆ ಒಣಗಿದ ಕಲೆ. ದಿನಕ್ಕೆ ಹಲವು ಸಲ ಸ್ಪಿರಿಟ್ ಹಾಕಿ ಒರೆಸಿ ಒರೆಸಿ ಅಂಚಿನ ಗೋಂದು ಬಿಟ್ಟು, ದ್ರವ ಒಳಗೆ ಇಳಿದಿತ್ತು.

ಟೆಕ್ಸಸ್‌ನ ಟೈಲರ್ ಅನ್ನುವ ಊರಿನ ಕಥೆ ನಮ್ಮ ಓದಿನಲ್ಲಿ ಬರುತ್ತದೆ. ಕ್ಯಾನ್ಸರ್‌ಗೆ ವಿಕಿರಣ ಕೊಡುವ ಥೆರಾಕ್-25 ಅನ್ನುವ ಯಂತ್ರ. 1986ರ ಮಾರ್ಚಿನಲ್ಲಿ ಅಲ್ಲಿ ಒಬ್ಬ ರೋಗಿಗೆ ಮಿತಿ ಮೀರಿ ವಿಕಿರಣ ಬಿತ್ತು. ಸ್ಕ್ರೀನಿನ ಮೇಲೆ ಬಂದದ್ದು ‘ಮಾಲ್‌ಫಂಕ್ಷನ್ 54’ ಅಂತ ಮಾತ್ರ. ಕಂಪನಿಯ ಎಂಜಿನಿಯರುಗಳು ಬಂದು ನೋಡಿ, ಈ ಯಂತ್ರ ಹಾಗೆ ಮಾಡಲು ಸಾಧ್ಯವೇ ಇಲ್ಲ ಅಂದರು. ಯಂತ್ರ ಮತ್ತೆ ಚಾಲೂ ಆಯಿತು. ಏಪ್ರಿಲ್‌ನಲ್ಲಿ ಇನ್ನೊಬ್ಬ ರೋಗಿಗೆ ಅದೇ ಆಯಿತು. ಇಬ್ಬರೂ ತೀರಿಕೊಂಡರು. ಆಮೇಲೆ ಆ ಆಸ್ಪತ್ರೆಯ ಫಿಸಿಸಿಸ್ಟ್ ಮತ್ತು ಯಂತ್ರ ನಡೆಸುತ್ತಿದ್ದ ಆಪರೇಟರ್ ಇಬ್ಬರೇ ಕೂತು, ಟೈಪ್ ಮಾಡಿದ್ದನ್ನು ಬೇಗಬೇಗ ತಿದ್ದಿದರೆ ಆ ದೋಷ ಬರುತ್ತದೆ ಅಂತ ಕಂಡುಹಿಡಿದರು. ಕಂಪನಿಯವರು ತಾವೇ ಮಾಡಿ ನೋಡಿದಾಗ ಮೊದಲು ಬರಲಿಲ್ಲ. ದಿನವಿಡೀ ಅದೇ ಕೆಲಸ ಮಾಡುವವರ ಕೈಯ ವೇಗ ಅವರಿಗಿರಲಿಲ್ಲ. ನಮ್ಮ ಸಿಸ್ಟರನ್ನು ಕರೆಸುವ ಯೋಚನೆ ನನಗೆ ಬಂದದ್ದು ಅಲ್ಲಿಂದಲೇ.

ಕಂಪನಿಯ ಮುಂದಿನ ವಾದ ನಾನು ಊಹಿಸಿದ್ದೇ. “ಮ್ಯಾನ್ಯುಯಲ್‌ನಲ್ಲಿ ಸ್ಪಷ್ಟವಾಗಿ ಇದೆ ಸಾರ್, ಸ್ಪಿರಿಟ್ ಹಾಕಬಾರದು, ಸೋಪಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಮಾತ್ರ ಒರೆಸಬೇಕು.” ಹುಡುಕಿದೆ. ಇತ್ತು. ಕೊನೆಯ ಪುಟಗಳಲ್ಲಿ, ಸಣ್ಣ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿ. ಪಂಪು ಕೊಟ್ಟಾಗ ಆದ ಟ್ರೈನಿಂಗಿನ ಸ್ಲೈಡುಗಳು ನನ್ನ ಕಂಪ್ಯೂಟರಿನಲ್ಲೇ ಇದ್ದವು. ಅದರಲ್ಲಿ ಒರೆಸುವ ಬಗ್ಗೆ ಒಂದು ಸಾಲೂ ಇರಲಿಲ್ಲ.

ಇಲ್ಲಿ ನಮ್ಮ ಆಸ್ಪತ್ರೆಯ ಪಾಲು ಏನೂ ಇಲ್ಲ ಅಂತ ನಾನು ವಾದಿಸುವುದಿಲ್ಲ. ಆದರೆ ಸ್ವಲ್ಪ ಯೋಚನೆ ಮಾಡಿ. ಐಸಿಯುಗೆ ಅಂತಲೇ ಮಾಡಿದ ಪಂಪು. ಐಸಿಯುನಲ್ಲಿ ಎಲ್ಲವನ್ನೂ ಸ್ಪಿರಿಟ್ ಹಾಕಿ ಒರೆಸುತ್ತಾರೆ, ಅದರಲ್ಲೂ ಕೋವಿಡ್ ಆದ ಮೇಲೆ ಇನ್ನೂ ಜಾಸ್ತಿ. ಇದು ಕಂಪನಿಗೆ ಗೊತ್ತಿರಬೇಕಾದ ವಿಷಯ ಅಲ್ವಾ? ಮಳೆಗೆ ನೆನೆಸಬಾರದು ಅಂತ ಚೀಟಿ ಅಂಟಿಸಿ ಛತ್ರಿ ಮಾರಿದ ಹಾಗಾಯಿತು.

ವೈದ್ಯಕೀಯ ಉಪಕರಣಗಳ ಅಪಾಯ ನಿಭಾಯಿಸುವುದಕ್ಕೆ ಐಎಸ್ಒ 14971 ಅಂತ ಒಂದು ಅಂತರರಾಷ್ಟ್ರೀಯ ಮಾನದಂಡ ಇದೆ. ಅದು ಎರಡು ಮಾತು ಹೇಳುತ್ತದೆ, ಎರಡೂ ನಮ್ಮ ಕೇಸಿಗೆ ಸರಿಯಾಗಿ ಹೊಂದುತ್ತವೆ. ಒಂದು, ಸರಿಯಾಗಿ ಬಳಸಿದಾಗ ಏನಾಗುತ್ತದೆ ಅಂತ ನೋಡಿದರೆ ಸಾಲದು, ಜನ ಹೇಗೆ ತಪ್ಪಾಗಿ ಬಳಸಬಹುದು ಅಂತ ಮೊದಲೇ ಊಹಿಸಿ ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಇನ್ನೊಂದು, ಅಪಾಯ ತಗ್ಗಿಸಲು ಒಂದು ಕ್ರಮ ಇದೆ. ಮೊದಲು ವಿನ್ಯಾಸದಲ್ಲೇ ಅಪಾಯ ಇಲ್ಲದ ಹಾಗೆ ಮಾಡಿ. ಅದು ಆಗದಿದ್ದರೆ ಅಲಾರಂ, ಲಾಕ್ ಥರದ ರಕ್ಷಣೆ ಕೊಡಿ. ಮ್ಯಾನ್ಯುಯಲ್, ಎಚ್ಚರಿಕೆ, ಟ್ರೈನಿಂಗ್ ಬರುವುದು ಕೊನೆಯಲ್ಲಿ. ನಮ್ಮ ಪಂಪಿನ ಕಂಪನಿ ಕೊನೆಯದನ್ನು ಮೊದಲು ಹಿಡಿದಿತ್ತು, ಅದನ್ನೂ ಅರೆಬರೆ ಮಾಡಿತ್ತು.

ಈ ಹೊತ್ತಿಗೆ ನಾವು ಸರ್ಕಾರಕ್ಕೆ ವರದಿ ಮಾಡುವುದು ಅಂತ ನಿರ್ಧಾರ ಮಾಡಿದ್ದೆವು. ಎಂಎಸ್ ಸಾಹೇಬರು ಮೊದಲು ಸ್ವಲ್ಪ ಹಿಂದೇಟು ಹಾಕಿದರು. “ಪೊಲೀಸ್ ಕೇಸ್ ಗೀಸ್ ಆಗಲ್ವೇನ್ರೀ?” ಅಂತ ಕೇಳಿದರು. ಬಹಳ ಆಸ್ಪತ್ರೆಗಳು ಇದೇ ಹೆದರಿಕೆಗೆ ವರದಿ ಮಾಡುವುದಿಲ್ಲ. ಫಾರ್ಮ್ ಪ್ರಿಂಟ್ ತೆಗೆದು ತೋರಿಸಿದೆ. ವರದಿ ಮಾಡಿದ ಮಾತ್ರಕ್ಕೆ ಆಸ್ಪತ್ರೆಯಾಗಲಿ, ಸಿಬ್ಬಂದಿಯಾಗಲಿ, ಕಂಪನಿಯಾಗಲಿ ತಪ್ಪು ಒಪ್ಪಿಕೊಂಡ ಹಾಗೆ ಅಲ್ಲ ಅಂತ ಅದರಲ್ಲೇ ಬರೆದಿದೆ. ಹೆಸರು ಗುಟ್ಟಾಗಿ ಇಡುತ್ತಾರೆ ಅಂತಲೂ ಇದೆ.

ಈ ವ್ಯವಸ್ಥೆಯ ಹೆಸರು ಮೆಟೀರಿಯೋವಿಜಿಲೆನ್ಸ್ ಪ್ರೋಗ್ರಾಂ ಆಫ್ ಇಂಡಿಯಾ. 2015ರ ಜುಲೈನಲ್ಲಿ ಶುರುವಾಯಿತು. ಗಾಜಿಯಾಬಾದಿನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ಇದನ್ನು ನಡೆಸುತ್ತದೆ. ಔಷಧಿಯಿಂದ ಆಗುವ ತೊಂದರೆ ಹೇಳಲು ಒಂದು ವ್ಯವಸ್ಥೆ ಇರುವ ಹಾಗೆ, ಇದು ಉಪಕರಣಗಳಿಗೆ. ಡಾಕ್ಟರು, ನರ್ಸು, ನನ್ನಂಥ ಎಂಜಿನಿಯರು ಮಾತ್ರ ಅಲ್ಲ, ರೋಗಿಯೂ, ಅವರ ಮನೆಯವರೂ ವರದಿ ಮಾಡಬಹುದು. 1800-180-3024 ಅನ್ನುವ ಟೋಲ್ ಫ್ರೀ ನಂಬರ್ ಇದೆ. ಮನೆಯಲ್ಲಿ ಬಳಸುವ ಗ್ಲುಕೋಮೀಟರ್, ಬಿಪಿ ಮೆಷಿನ್, ನೆಬ್ಯುಲೈಸರ್ ತೊಂದರೆ ಕೊಟ್ಟರೂ ಹೇಳಬಹುದು. ಹೇಳುವವರು ಎಷ್ಟು ಜನ? ಅಂಗಡಿಯವನ ಹತ್ತಿರ ಜಗಳ ಆಡಿ ಬದಲಾಯಿಸಿಕೊಂಡು ಸುಮ್ಮನಾಗುತ್ತೇವೆ.

ಫಾರ್ಮಿನಲ್ಲಿ ಅರ್ಧ ಕೆಲಸ ಲೇಬಲ್ ನೋಡುವುದು. ತಯಾರಕರು ಯಾರು, ಆಮದು ಮಾಡಿಕೊಂಡವರು ಯಾರು, ಹಂಚಿದವರು ಯಾರು, ಮಾಡೆಲ್, ಸೀರಿಯಲ್ ನಂಬರ್, ಸಾಫ್ಟ್‌ವೇರ್ ವರ್ಷನ್. ಸ್ಟೆಂಟ್, ಕ್ಯಾತಿಟರ್ ಥರದ್ದಾದರೆ ಲಾಟ್ ನಂಬರೂ ಬೇಕು. ಪ್ಯಾಕೆಟ್ ಹರಿದು ಬುಟ್ಟಿಗೆ ಹಾಕಿದ ಮೇಲೆ ಅದು ಎಲ್ಲಿ ಸಿಗುತ್ತದೆ? ಅದಕ್ಕೇ ನಮ್ಮಲ್ಲಿ ಈಗ ಪ್ಯಾಕೆಟ್ಟಿನ ಸ್ಟಿಕ್ಕರನ್ನು ಕೇಸ್ ಶೀಟಿಗೆ ಅಂಟಿಸುತ್ತಾರೆ. ಆಮೇಲೆ ಘಟನೆಯ ವಿವರ. ಇಲ್ಲಿ ‘ಸಿಸ್ಟರ್ ನಿರ್ಲಕ್ಷ್ಯ’, ‘ಕಂಪನಿ ಮೋಸ’ ಅಂತೆಲ್ಲ ಬರೆಯಬಾರದು. ಏನು ಸೆಟ್ ಮಾಡಲು ಹೋದರು, ಪಂಪು ಏನು ತೋರಿಸಿತು, ಎಷ್ಟು ಹೊತ್ತು ಓಡಿತು, ರೋಗಿಗೆ ಏನಾಯಿತು, ಏನು ಚಿಕಿತ್ಸೆ ಕೊಟ್ಟರು, ಅಷ್ಟೇ. ರೋಗಿಯ ಹೆಸರಿನ ಬದಲು ಇನಿಷಿಯಲ್. ವಿಡಿಯೋ ಇದೆ ಅಂತಲೂ ಬರೆದೆವು.

ಇದರ ಹಿಂದೆ ಕಾನೂನಿನ ಬಲವೂ ಇದೆ. ಮೆಡಿಕಲ್ ಡಿವೈಸಸ್ ರೂಲ್ಸ್ 2017, ಜಾರಿಗೆ ಬಂದದ್ದು 2018ರ ಜನವರಿ 1ರಿಂದ. ಮೊದಲು ಕೆಲವೇ ಉಪಕರಣಗಳು ಇದರಡಿ ಬರುತ್ತಿದ್ದವು. 2020ರ ಏಪ್ರಿಲ್ 1ರಿಂದ ಎಲ್ಲ ವೈದ್ಯಕೀಯ ಉಪಕರಣಗಳೂ, ಸಾಫ್ಟ್‌ವೇರ್ ಸಮೇತ, ಕಾನೂನಿನ ಕಣ್ಣಿನಲ್ಲಿ ‘ಡ್ರಗ್’, ಅಂದರೆ ಔಷಧಿಯ ಲೆಕ್ಕ. ಅಪಾಯದ ಮಟ್ಟ ನೋಡಿ ಎ, ಬಿ, ಸಿ, ಡಿ ಅಂತ ನಾಲ್ಕು ದರ್ಜೆ, ಸಿರಿಂಜ್ ಪಂಪು ಸಿ. ಲೈಸೆನ್ಸ್ ಇರುವ ತಯಾರಕರಿಗೆ ಅನಿರೀಕ್ಷಿತವಾದ ಗಂಭೀರ ತೊಂದರೆಯ ಸುಳಿವು ಸಿಕ್ಕರೆ, ಗೊತ್ತಾದ 15 ದಿನದೊಳಗೆ ಲೈಸೆನ್ಸ್ ಕೊಟ್ಟ ಪ್ರಾಧಿಕಾರಕ್ಕೆ ತಿಳಿಸಬೇಕು. ಉಪಕರಣ ಅಪಾಯಕಾರಿ ಅಂತ ನಂಬಲು ಕಾರಣ ಇದ್ದರೆ ಕೂಡಲೇ ಮಾರುಕಟ್ಟೆಯಿಂದ ವಾಪಸ್ ತೆಗೆಯುವ ಕೆಲಸ ಶುರು ಮಾಡಬೇಕು.

ಈಗ ಆ ‘ಯೂಸರ್ ಎರರ್’ ಸಹಿಗೆ ಯಾಕೆ ಅಷ್ಟು ಆತುರ ಇತ್ತು ಅಂತ ಗೊತ್ತಾಗುತ್ತದೆ. ಬಳಸುವವರ ತಪ್ಪು ಅಂತ ಒಂದು ಕಾಗದ ಫೈಲಿನಲ್ಲಿ ಸೇರಿದರೆ, ಅದು ಉಪಕರಣದ ತೊಂದರೆ ಅಂತ ಲೆಕ್ಕಕ್ಕೇ ಬರುವುದಿಲ್ಲ. ಯಾರಿಗೂ ಹೇಳಬೇಕಿಲ್ಲ. ಆ ಹುಡುಗಿಯ ಹೆಸರಿನ ಮೇಲೆ ಇಡೀ ಕಥೆ ಮುಚ್ಚಿ ಹೋಗುತ್ತದೆ.

ವರದಿ ಹೋಯಿತು. ಆ ಕಡೆಯಿಂದ ಇನ್ನಷ್ಟು ವಿವರ ಕೇಳಿದರು, ಕೊಟ್ಟೆವು. ಕಂಪನಿಯ ಧಾಟಿ ಒಂದೇ ಸಲಕ್ಕೆ ಬದಲಾಯಿತು. ಬೆಂಗಳೂರಿನಿಂದ ರೀಜನಲ್ ಮ್ಯಾನೇಜರ್ ಕಾರಿನಲ್ಲಿ ಬಂದರು, ಕೈಯಲ್ಲಿ ಬೆಣ್ಣೆ ಬಿಸ್ಕತ್ತಿನ ಡಬ್ಬ. (ದಾವಣಗೆರೆಗೆ ಬೆಂಗಳೂರಿನಿಂದ ಬೆಣ್ಣೆ ಬಿಸ್ಕತ್ತು ತಂದವರನ್ನು ನಾನು ಮೊದಲು ನೋಡಿದ್ದು ಆವತ್ತೇ.) ಹೊಸ ಪಂಪು ಫ್ರೀ ಕೊಡುತ್ತೇವೆ, ಎಎಂಸಿಯಲ್ಲಿ (ವರ್ಷದ ನಿರ್ವಹಣೆಯ ಒಪ್ಪಂದ) ಡಿಸ್ಕೌಂಟ್ ಮಾಡುತ್ತೇವೆ, ‘ಸಮಸ್ಯೆ ಬಗೆಹರಿದಿದೆ’ ಅಂತ ಒಂದು ಲೆಟರ್ ಕೊಟ್ಟರೆ ಸಾಕು ಅಂದರು. ಬೇರೆ ಆಸ್ಪತ್ರೆಗಳಲ್ಲಿ ಇದೇ ಥರ ಆಗಿದೆಯಾ ಅಂತ ನಾನು ಕೇಳಿದೆ. “ನಿಮ್ಮದೇ ಮೊದಲ ಕಂಪ್ಲೇಂಟ್ ಸಾರ್” ಅಂದರು. ಲೆಟರ್ ಕೊಡಲಿಲ್ಲ. ಬಿಸ್ಕತ್ತನ್ನು ಹುಡುಗರು ತಿಂದರು.

ಕಂಪನಿ ಅಂದರೆ ಒಂದೇ ಮುಖ ಅಲ್ಲ ಅಂತ ಗೊತ್ತಾದದ್ದು ಆಮೇಲೆ. ಅವರ ಕ್ವಾಲಿಟಿ ವಿಭಾಗದ ಒಬ್ಬ ಮೇಡಂ ಫೋನ್ ಮಾಡಿದರು. ಮೊದಲ ಮಾತು, “ಪೇಷಂಟ್ ಈಗ ಹೇಗಿದ್ದಾರೆ?” ಎರಡನೆಯದು, “ಆ ಸಿಸ್ಟರ್ ಹೇಗಿದ್ದಾರೆ?” ಆಮೇಲೆ ಕೆಲಸದ ಪ್ರಶ್ನೆಗಳು. ಯಾವ ಸ್ಪಿರಿಟ್, ಎಷ್ಟು ಸಲ ಒರೆಸುತ್ತೀರಿ, ಗ್ಲೌಸ್ ಯಾವ ಥರದ್ದು, ಪಂಪು ಎಷ್ಟು ಎತ್ತರದಲ್ಲಿ ಇರುತ್ತದೆ, ಯಾವ ಕೋನದಲ್ಲಿ ಒತ್ತಿದರು. ವಿಡಿಯೋ ಕಳಿಸಿದೆ. ಅವರೇ ಖುದ್ದಾಗಿ ಬಂದು, ಐಸಿಯುನಲ್ಲಿ ನಿಂತು, ಸಿಸ್ಟರ್‌ಗಳು ಕೆಲಸ ಮಾಡುವುದನ್ನು ಸುಮ್ಮನೆ ನೋಡಿದರು. ಈ ಕೆಲಸ ಪಂಪು ಮಾರುವುದಕ್ಕೆ ಮೊದಲೇ ಆಗಿದ್ದರೆ ಚೆನ್ನಾಗಿತ್ತು ಅಂದೆ. “ಹೌದು” ಅಂದರು. ಸಮಜಾಯಿಷಿ ಕೊಡಲಿಲ್ಲ. ಅವರ ಮೇಲೆ ನನಗೆ ಗೌರವ ಮೂಡಿದ್ದು ಆ ಒಂದು ಶಬ್ದಕ್ಕೆ.

ಅವರ ರಿಪೋರ್ಟಿನಲ್ಲಿ ಕಾರಣ ನಾವು ಹೇಳಿದ್ದೇ ಇತ್ತು. ಕೀಪ್ಯಾಡಿನ ಅಂಚಿನ ಗೋಂದು ಸ್ಪಿರಿಟ್ಟಿಗೆ ತಡೆಯುವುದಿಲ್ಲ. ಜೊತೆಗೆ ಬಟನ್ನಿನ ನಡುಕವನ್ನು ಲೆಕ್ಕದಿಂದ ಬಿಡಲು ಸಾಫ್ಟ್‌ವೇರ್ ಕಾಯುವ ಸಮಯ ತೀರಾ ಕಡಿಮೆ. ನಮ್ಮ ಎಲ್ಲ ಪಂಪುಗಳಿಗೂ ಅಂಚು ಮುಚ್ಚಿದ ಹೊಸ ಕೀಪ್ಯಾಡ್ ಹಾಕಿಕೊಟ್ಟರು. ಸಾಫ್ಟ್‌ವೇರ್ ಹೊಸದು ಬಂತು. ಈಗ ರೇಟು ಒಂದೇ ಸಲಕ್ಕೆ ತುಂಬಾ ಏರಿದರೆ ಪಂಪು ಸದ್ದು ಮಾಡಿ, ‘4ರಿಂದ 22? ಖಚಿತಪಡಿಸಿ’ ಅಂತ ಕೇಳುತ್ತದೆ. ಇಷ್ಟು ಮಾಡಲು ಪಂಪಿಗೆ ಮೊದಲಿನಿಂದಲೂ ಶಕ್ತಿ ಇತ್ತು. ಯಾರೂ ಬರೆದಿರಲಿಲ್ಲ, ಅಷ್ಟೇ.

ಇನ್ನೊಂದು ವಿಷಯ ನನ್ನನ್ನು ಇವತ್ತಿಗೂ ಕೆಣಕುತ್ತದೆ. ಪಂಪುಗಳಲ್ಲಿ ‘ಡ್ರಗ್ ಲೈಬ್ರರಿ’ ಅಂತ ಒಂದು ಸೌಲಭ್ಯ ಇರುತ್ತದೆ. ಯಾವ ಔಷಧಿ ಅಂತ ಆರಿಸಿದರೆ, ಅದಕ್ಕೆ ಇಷ್ಟಕ್ಕಿಂತ ಜಾಸ್ತಿ ಹೋಗಬಾರದು ಅಂತ ಪಂಪೇ ತಡೆಯುತ್ತದೆ. ಇನ್ಸುಲಿನ್ ಅಂತ ಆರಿಸಿ ಗಂಟೆಗೆ 10ರ ಮಿತಿ ಹಾಕಿದ್ದರೆ, 22 ಶುರುವೇ ಆಗುತ್ತಿರಲಿಲ್ಲ. ನಮ್ಮ ಮಾಡೆಲ್‌ನಲ್ಲಿ ಅದಿಲ್ಲ. ಯಾಕಿಲ್ಲ ಅಂದರೆ, “ಅದು ಬೇಕಾದರೆ ಮೇಲಿನ ಮಾಡೆಲ್ ತಗೊಳ್ಳಿ ಸಾರ್” ಅಂದರು ಸೇಲ್ಸ್‌ನವರು. ಬಣ್ಣದ ಸ್ಕ್ರೀನು, ವೈಫೈ ಇದಕ್ಕೆಲ್ಲ ಹೆಚ್ಚು ದುಡ್ಡು ಕೇಳಿ, ಕೊಡೋಣ. ರೋಗಿ ಸಾಯದ ಹಾಗೆ ತಡೆಯುವ ಒಂದು ಮಿತಿಯನ್ನು ಸನ್‌ರೂಫ್ ಮಾರಿದ ಹಾಗೆ ಮಾರುವುದು ನನಗೆ ಸರಿ ಕಾಣುವುದಿಲ್ಲ. ಸಣ್ಣ ಊರಿನ ಆಸ್ಪತ್ರೆಗಳು ತಗೊಳ್ಳುವುದು ಕೆಳಗಿನ ಮಾಡೆಲ್ಲೇ. ರಾತ್ರಿ ಪಾಳಿಯಲ್ಲಿ ಒಬ್ಬ ಸಿಸ್ಟರ್‌ಗೆ ಹೆಚ್ಚು ಬೆಡ್ಡು ಇರುವುದೂ ಅಲ್ಲೇ. ಮಿತಿ ಜಾಸ್ತಿ ಬೇಕಾದ ಕಡೆಯೇ ಅದಿಲ್ಲ.

ನಮ್ಮ ಪಂಪುಗಳು ಸರಿಯಾದವು. ಬೇರೆಯವರದ್ದು? ನಮ್ಮ ಕೆಲಸದವರದ್ದೇ ಒಂದು ವಾಟ್ಸಾಪ್ ಗ್ರೂಪ್ ಇದೆ. ಮಾಡೆಲ್ ನಂಬರ್ ಹಾಕಿ, ಯಾರಿಗಾದರೂ ಕೀಪ್ಯಾಡ್ ತೊಂದರೆ ಆಗಿದೆಯಾ ಅಂತ ಕೇಳಿದೆ. ಒಬ್ಬರು ಉಬ್ಬಿದ ಬಟನ್ನಿನ ಫೋಟೋ ಹಾಕಿದರು. ಇನ್ನೊಬ್ಬರು ಎರಡೆರಡು ಅಂಕೆ ಬರುತ್ತಿತ್ತು, ಕಂಪನಿಯವರು ಬಂದು ಕೀಪ್ಯಾಡ್ ಬದಲಾಯಿಸಿ ಬಿಲ್ ಕೊಟ್ಟು ಹೋದರು ಅಂದರು. ಅದು ನಮ್ಮ ಘಟನೆಗಿಂತ ಹಿಂದಿನ ಮಾತು. ‘ನಿಮ್ಮದೇ ಮೊದಲ ಕಂಪ್ಲೇಂಟ್’ ಅಂದಿದ್ದರಲ್ಲ, ಅದರ ಬೆಲೆ ಅಷ್ಟು.

ಹೀಗೆ ಒಬ್ಬೊಬ್ಬರಿಗೇ ಗುಟ್ಟಾಗಿ ಸರಿ ಮಾಡಿಕೊಟ್ಟು, ಉಳಿದವರಿಗೆ ಹೇಳದೆ ಇರುವುದರ ಬೆಲೆ ದೊಡ್ಡ ಮಟ್ಟದಲ್ಲಿ ನೋಡಬೇಕಾದರೆ ಡಿಪ್ಯೂ ಕಂಪನಿಯ ಎಎಸ್ಆರ್ ಅನ್ನುವ ಕೃತಕ ಸೊಂಟದ ಕೀಲಿನ ಪ್ರಕರಣ ಇದೆ. ಆಸ್ಟ್ರೇಲಿಯಾದಲ್ಲಿ ಕೀಲು ಬದಲಾಯಿಸಿದ ಪ್ರತಿಯೊಬ್ಬರ ಲೆಕ್ಕ ಇಡುವ ರಾಷ್ಟ್ರೀಯ ರಿಜಿಸ್ಟ್ರಿ ಇದೆ. ಈ ಕೀಲು ಬೇಗ ಕೆಡುತ್ತಿದೆ ಅಂತ ಮೊದಲು ಬೆರಳು ತೋರಿಸಿದ್ದು ಅದು. ಅಲ್ಲಿ 2009ರ ಕೊನೆಗೇ ವಾಪಸ್ ತಗೊಂಡರು. ಜಗತ್ತಿನಾದ್ಯಂತ ರೀಕಾಲ್ ಆದದ್ದು 2010ರ ಆಗಸ್ಟಿನಲ್ಲಿ. ಭಾರತದಲ್ಲಿ ಸುಮಾರು 4,700 ಸರ್ಜರಿ ಆಗಿದ್ದವು. ಕೇಂದ್ರ ಸರ್ಕಾರದ ಸಮಿತಿ ಕೂತು ವರದಿ ಹೊರಬರುವಾಗ 2018. ಅಷ್ಟು ಹೊತ್ತಿಗೂ ಬಹುಪಾಲು ರೋಗಿಗಳು ಎಲ್ಲಿದ್ದಾರೆ ಅನ್ನುವುದೇ ಪತ್ತೆ ಇರಲಿಲ್ಲ. ಸೊಂಟದೊಳಗೆ ರೀಕಾಲ್ ಆದ ಲೋಹ ಇಟ್ಟುಕೊಂಡು, ನೋವು ವಯಸ್ಸಿನದ್ದು ಅಂದುಕೊಂಡು ಓಡಾಡಿದವರು ಎಷ್ಟು ಜನವೋ.

ಗ್ರೂಪಿನ ಆ ಇಬ್ಬರಿಗೂ ಫಾರ್ಮ್ ಕಳಿಸಿದೆ. ಒಬ್ಬರು ತುಂಬಿ ಕಳಿಸಿದರು. ಇನ್ನೊಬ್ಬರ ಮ್ಯಾನೇಜ್‌ಮೆಂಟ್ ಬೇಡ ಅಂದಿತಂತೆ. ಕ್ವಾಲಿಟಿ ಮೇಡಂಗೂ ಈ ವಿಷಯ ಮೇಲ್ ಮಾಡಿದೆ. ಆಮೇಲೆ ಆ ಮಾಡೆಲ್ ಇರುವ ಆಸ್ಪತ್ರೆಗಳಿಗೆಲ್ಲ ಕೀಪ್ಯಾಡ್ ಪರೀಕ್ಷಿಸಿಕೊಳ್ಳಿ ಅಂತ ಕಂಪನಿಯ ನೋಟಿಸು ಹೋಯಿತು. ಬಿಲ್ ಕಟ್ಟಿದ್ದವರಿಗೆ ದುಡ್ಡು ವಾಪಸ್ ಬಂತೋ ಇಲ್ಲವೋ, ಆ ಪುಣ್ಯಾತ್ಮ ಇನ್ನೂ ಕೇಳುತ್ತಿದ್ದಾನೆ.

ರೋಗಿಯ ಮಗನಿಗೆ ಡಾಕ್ಟರ್ ಫೋನ್ ಮಾಡಿ ಎಲ್ಲವನ್ನೂ ಹೇಳಿದರು, ಬಟನ್ನು, ಸ್ಪಿರಿಟ್ಟು, ಸ್ಕ್ರೀನ್ ನೋಡದೆ ಓಡಿದ್ದು, ಎಲ್ಲ. ಅವನು ಕಂಪನಿಯಿಂದ ಯಾರಾದರೂ ತನ್ನ ತಂದೆಯ ಹತ್ತಿರ ಮಾತಾಡುತ್ತಾರಾ ಅಂತ ಕೇಳಿದನಂತೆ. ಇಲ್ಲಿವರೆಗೆ ಯಾರೂ ಮಾತಾಡಿಲ್ಲ.

ಈ ವರ್ಷ ಹೊಸ ಪಂಪುಗಳಿಗೆ ಟೆಂಡರ್ ಕರೆದಿದ್ದೇವೆ. ನಾನು ಸ್ಪೆಸಿಫಿಕೇಷನ್‌ನಲ್ಲಿ ಕೆಲವು ಸಾಲು ಸೇರಿಸಿದ್ದೇನೆ. ಕೀಪ್ಯಾಡ್ ಸ್ಪಿರಿಟ್ಟಿಗೆ ತಡೆಯಬೇಕು. ಡ್ರಗ್ ಲೈಬ್ರರಿ ಪಂಪಿನ ಬೆಲೆಯಲ್ಲೇ ಸೇರಿರಬೇಕು. ಲಾಗ್ ತೆಗೆಯುವ ಸಾಫ್ಟ್‌ವೇರ್ ನಮಗೂ ಕೊಡಬೇಕು. ಬೇರೆ ಯಾವುದೇ ಆಸ್ಪತ್ರೆಯಲ್ಲಿ ಇದೇ ಮಾಡೆಲ್‌ನಲ್ಲಿ ದೋಷ ಕಂಡುಬಂದರೆ ನಮಗೆ ಬರವಣಿಗೆಯಲ್ಲಿ ತಿಳಿಸಬೇಕು. ಪ್ರೀ-ಬಿಡ್ ಮೀಟಿಂಗಿಗೆ ಬಂದ ಕಂಪನಿಯವರೆಲ್ಲ ಮೊದಲಿನ ಮೂರಕ್ಕೆ ಚೌಕಾಸಿ ಮಾಡಿಯಾದರೂ ಒಪ್ಪಿದರು. ನಾಲ್ಕನೆಯದಕ್ಕೆ ಮಾತ್ರ, ಲೀಗಲ್‌ನವರನ್ನು ಕೇಳಿ ಹೇಳುತ್ತೇವೆ ಅಂದಿದ್ದಾರೆ. ಆ ಸಾಲನ್ನು ತೆಗೆಯಬೇಡಿ ಅಂತ ಪರ್ಚೇಸ್‌ನವರಿಗೆ ಹೇಳಿಟ್ಟಿದ್ದೇನೆ.